ಜೂನ್ 1ರ ಹುಡುಗರು

ಕಲಬುರಗಿ

ಚಿರಂಜೀವಿ ಮಗನಿಗೆ ನಿನ್ನ ಕಾಕಾನ ಆಶೀರ್ವಾದಗಳು.

ನೀನು ಪಿಎಸ್‌ಐ ಆಗಿ ಯಾದಗಿರಿ ಕಡೆ ಹೋದದ್ದು ಮನೆಮಂದಿಗೆಲ್ಲ ಹಿಗ್ಗು. ಆದರೆ ಮೊನ್ನೆ ಊಟಕ್ಕೆ ಕೂತಾಗ ನೀನಾಡಿದ ಮಾತು ನನ್ನ ಬಿಟ್ಟಿಲ್ಲ: "ಹದಿನೇಳರ ಹುಡುಗರು ಮಕ್ಕಳಲ್ಲ ಕಾಕಾ, ದೊಡ್ಡವರಂಗ ಜೈಲಿಗೆ ಹಾಕಿದ್ರನೇ ಬುದ್ಧಿ ಬರ್ತದ."

ನನ್ನ ಜನ್ಮದಿನ ಜೂನ್ 1. ನಿಮ್ಮಪ್ಪನದೂ ಜೂನ್ 1. ನಮ್ಮವ್ವ ನನ್ನನ್ನು ಹಡೆದದ್ದು ತೊಗರಿ ರಾಶಿಯ ಕಾಲಕ್ಕೆ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಅಂದಾಜಿಗೆ ಬರೆದ ತಾರೀಖು ಅದು. ಅಂಥ ಹುಡುಗರು ನಿನ್ನ ಠಾಣೆಗೂ ಬರುತ್ತಾರೆ.

ನಾನು ಕೋರ್ಟಿನಲ್ಲಿ ಕ್ಲರ್ಕ್ ಇದ್ದಾಗ ತಾಂಡಾದ ಒಬ್ಬ ಹುಡುಗನ ಕಾಗದ ನನ್ನ ಮೇಜಿಗೆ ಬಂತು. ಪಂಪ್‌ಸೆಟ್ ಮೋಟರ್ ಕಳವು. ವಯಸ್ಸು 19 ಎಂದು ಬರೆದಿತ್ತು, ಹುಡುಗನಿಗೆ ಮೀಸೆಯೇ ಚಿಗುರಿರಲಿಲ್ಲ. ಅಪ್ಪ-ಅವ್ವ ಪುಣೆಗೆ ಗುಳೇ ಹೋಗಿದ್ದರು. ನನಗೆ ಅನುಮಾನ ಬಂತು, ಆದರೂ ಬಾಯಿ ತೆರೆಯಲಿಲ್ಲ. ಅವನ ಅಜ್ಜಿ ಶಾಲೆಯ ಟಿಸಿ ಸೆರಗಿನಲ್ಲಿ ಕಟ್ಟಿಕೊಂಡು ಬರುವಷ್ಟರಲ್ಲಿ ಏಳು ತಿಂಗಳು ಜೈಲಿನಲ್ಲಿ ಕಳೆದಿದ್ದ. ಟಿಸಿಯ ಲೆಕ್ಕಕ್ಕೆ ಅವನಿಗೆ 15. ಎರಡು ವರ್ಷಕ್ಕೆ ಮತ್ತೆ ಬಂದ, ಒಳಗೆ ಪರಿಚಯವಾದ ದೊಡ್ಡವರ ಜೊತೆ ಸೇರಿ ಮಾಡಿದ ದರೋಡೆ ಕೇಸಿನಲ್ಲಿ. ಜೈಲು ಅವನಿಗೆ ಕೊಟ್ಟ ಬುದ್ಧಿ ಅದು.

ಮಾಸ್ತರರ ಅಂದಾಜಾದರೂ ಕೂಸನ್ನು ಎದುರಿಗೆ ನಿಲ್ಲಿಸಿಕೊಂಡು ಬರೆದದ್ದು. ಠಾಣೆಯ ಅಂದಾಜು ಸಿಟ್ಟಿನಲ್ಲಿ ಬರೆದದ್ದಾಗಿರುತ್ತದೆ. ಅದಕ್ಕೇ 2015ರ ಬಾಲ ನ್ಯಾಯ ಕಾಯ್ದೆ ವಯಸ್ಸಿನ ಅನುಮಾನ ಬಂದಾಗ ಮೊದಲು ಶಾಲೆಯ ದಾಖಲೆ ನೋಡು ಎನ್ನುತ್ತದೆ. ಅದಿಲ್ಲದಿದ್ದರೆ ಪುರಸಭೆ, ಪಂಚಾಯಿತಿಯ ಜನನ ಪತ್ರ. ಎರಡೂ ಸಿಗದಿದ್ದಾಗ ಮಾತ್ರ ಮೂಳೆ ಪರೀಕ್ಷೆ. 18 ತುಂಬದವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಬೇಡಿ ತೊಡಿಸುವಂತಿಲ್ಲ. 24 ತಾಸಿನೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲಿಸಬೇಕು. ಅವನ ಫೋಟೊ ವಾಟ್ಸಾಪಿನಲ್ಲಿ ಓಡಾಡಿದರೆ ಅದೂ ಅಪರಾಧ, ನಿನ್ನ ಪೇದೆಗಳಿಗೆ ಮೊದಲೇ ಹೇಳಿಡು.

ಕೊಲೆ, ಅತ್ಯಾಚಾರ ಮಾಡಿದರೆ ಏನು ಅಂತೀ. ಕಳಕೊಂಡವರ ಸಂಕಟ ಸಣ್ಣದಲ್ಲ, ತನಿಖೆಯನ್ನು ಒಂದೆಳೆಯೂ ಸಡಿಲ ಬಿಡಬೇಡ. ಕನಿಷ್ಠ ಏಳು ವರ್ಷ ಶಿಕ್ಷೆಯ ಘೋರ ಅಪರಾಧವಾದರೆ, 16 ದಾಟಿದವನ ಮನಸ್ಸು, ತಿಳಿವಳಿಕೆ, ಸಂದರ್ಭ ತೂಗಿ ನೋಡಿ, ದೊಡ್ಡವರಂತೆ ವಿಚಾರಣೆ ನಡೆಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸುವ ದಾರಿ ಮಂಡಳಿಗಿದೆ. ಆ ತೂಕ ಠಾಣೆಯ ಕೆಲಸವಲ್ಲ. ಅಲ್ಲಿಯೂ ಗಲ್ಲಿಲ್ಲ, ಬಿಡುಗಡೆಯ ಆಸೆಯೇ ಇಲ್ಲದ ಜೀವಾವಧಿಯೂ ಇಲ್ಲ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲೂ ಇದೇ ಮಾತಿದೆ, ನಮ್ಮ ದೇಶ 1992ರಲ್ಲೇ ಅದನ್ನು ಒಪ್ಪಿದೆ. ಹದಿನೇಳರ ಹುಡುಗ ಇಪ್ಪತ್ತೇಳಕ್ಕೆ ಏನಾದಾನು ಎಂಬುದನ್ನು ಯಾವ ನ್ಯಾಯಾಧೀಶರೂ ಇಂದೇ ಕಾಣಲಾರರು, ಮಗಾ.

ನಿನ್ನ ಹದ್ದಿನ ಎಲ್ಲ ಶಾಲೆಗಳ ಹೆಡ್‌ಮಾಸ್ತರರ ಫೋನ್ ನಂಬರು ಒಂದು ಹಾಳೆಯಲ್ಲಿ ಬರೆಸಿ ಠಾಣೆಯ ಗೋಡೆಗೆ ಅಂಟಿಸು, ತಾಂಡಾಗಳದನ್ನು ಮೊದಲು. ಹುಡುಗನ ವಯಸ್ಸಿನ ಜಾಗ ತುಂಬುವ ಮುಂಚೆ ಒಂದು ಫೋನ್ ಮಾಡು.

ನಿನ್ನ ಕಾಕಾ