ಪುಟ್ಟಿಯ ಜಾತಕ ಗುಂಪಿಂದ ಮೊದಲು ತೆಗೆಸಿ

ಡಬ್ಲಿನ್, ಭಾನುವಾರ

ಅಪ್ಪಯ್ಯನಿಗೆ, ಅಮ್ಮನಿಗೆ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ.

ಅಮ್ಮ, ನಿನ್ನ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ಗುರುತಿಲ್ಲದವರು ಫೋನ್ ಮಾಡಿ ಪುಟ್ಟಿಯ ನಕ್ಷತ್ರ, ಹುಟ್ಟಿದ ಗಳಿಗೆ, ತೋಟ ಎಷ್ಟು ಎಕರೆ ಅಂತ ತಾವೇ ಹೇಳಿದರು, ವರನ ವಿವರಕ್ಕೆ ಐದು ಸಾವಿರ ಕೇಳಿದರು ಅಂತ ಬರೆದಿದ್ದೀಯ. ಅಷ್ಟೆಲ್ಲ ಗೊತ್ತಿದೆ ಅಂದರೆ ಒಳ್ಳೆ ಕಡೆಯವರೇ ಇರಬೇಕು ಅಂತ ನಿನಗೆ ಅನ್ನಿಸಿದೆ. ಅವರು ಊರಲ್ಲಿ ಯಾರನ್ನೂ ವಿಚಾರಿಸಿಲ್ಲ ಅಮ್ಮ. ವಧೂವರರ ಗುಂಪಿಗೆ ನೀನು ಹಾಕಿದ ಜಾತಕದಲ್ಲೇ ಎಲ್ಲ ಇತ್ತು. ಅಡಿಕೆ ಚಪ್ಪರದ ಮುಂದೆ ಪುಟ್ಟಿ ನಿಂತ ಫೋಟೋ, ಕೆಳಗೆ ಅಪ್ಪಯ್ಯನ ನಂಬರ್. ದುಡ್ಡು ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನೊಂದು ವಿಷಯ. ಯಾವ ಆ್ಯಪ್ ಏನು ಕೇಳಿದರೂ ನೀನು ಒಪ್ಪಿಗೆಯ 'ಅಲೋ' ಬಟನ್ ಒತ್ತುತ್ತೀಯ. ನಾನೂ ಹಾಗೇ ಮಾಡಿದ್ದೆ. ಇಲ್ಲಿನ ಕಾನೂನಿನಲ್ಲಿ ನಮ್ಮ ಬಗ್ಗೆ ಏನೇನು ಕೂಡಿಟ್ಟಿದ್ದೀರಿ ಅಂತ ಆ್ಯಪ್ ಕಂಪನಿಯನ್ನೇ ಕೇಳಬಹುದು. ಕೇಳಿ ತರಿಸಿಕೊಂಡೆ. ಅದರಲ್ಲಿ ನನ್ನ ಮೊಬೈಲಿನಲ್ಲಿದ್ದ ಪಂಪ್ ರಿಪೇರಿಯವನ ನಂಬರಿನ ಕೆಳಗೆ ಅಜ್ಜಿಮನೆಯ ಹಳೇ ಲ್ಯಾಂಡ್‌ಲೈನ್ ನಂಬರ್! ಅಜ್ಜಿ ಮೊಬೈಲ್ ಮುಟ್ಟಿದವರೇ ಅಲ್ಲ. ನಾನು ಒತ್ತಿದ್ದಕ್ಕೆ ಅವರ ನಂಬರ್ ಹೋಗಿತ್ತು. ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಒಡವೆ ಜಾಹೀರಾತು ಬೆನ್ನು ಬಿಡುತ್ತಿಲ್ಲ, ಮೊಬೈಲ್ ಕದ್ದು ಕೇಳುತ್ತಾ ಅಂದೆಯಲ್ಲ, ಕೇಳಬೇಕಾಗಿಯೇ ಇಲ್ಲ. ಯಾವ ಸರದ ಫೋಟೋ ಎಷ್ಟು ಹೊತ್ತು ನೋಡಿದೆ ಅನ್ನೋದೇ ಅವರಿಗೆ ಸಾಕು.

ಇಲ್ಲಿ ಯಾವ ವೆಬ್‌ಸೈಟ್ ತೆರೆದರೂ ಮೊದಲು ನಮ್ಮ ಮಾಹಿತಿ ತೆಗೆದುಕೊಳ್ಳಲು ಒಪ್ಪಿಗೆ ಇದೆಯಾ ಅಂತ ಕೇಳುತ್ತದೆ. ಅಂಗಡಿಯವನು ಬಾಗಿಲಲ್ಲೇ ತಡೆದು ಕೇಳಿದ ಹಾಗೆ, ಮೊದಮೊದಲು ನಗು ಬರುತ್ತಿತ್ತು. ಆದರೆ 2023ರಲ್ಲಿ ಈ ಊರಿನಲ್ಲಿರುವ ಮಾಹಿತಿ ರಕ್ಷಣೆಯ ಸರ್ಕಾರಿ ಕಚೇರಿಯೇ ಫೇಸ್‌ಬುಕ್‌ನ ಮೆಟಾ ಕಂಪನಿಗೆ 120 ಕೋಟಿ ಯೂರೋ ದಂಡ ಹಾಕಿತು. ಯುರೋಪಿನ ಜನರ ಮಾಹಿತಿಯನ್ನು ಅಮೆರಿಕಕ್ಕೆ ಸಾಗಿಸಿದ್ದಕ್ಕೆ. ನಮ್ಮಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ ಅನ್ನಬೇಡಿ ಅಪ್ಪಯ್ಯ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹೂಡಿದ ಕೇಸಿನಲ್ಲೇ ಅಲ್ವಾ, ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು? ಮಾಹಿತಿ ರಕ್ಷಣೆಗೆ 2023ರಲ್ಲಿ ಕಾನೂನೂ ಆಗಿದೆ.

ಹೆದರಬೇಡಿ. ಏನೂ ಆಗಿಲ್ಲ, ಏನೂ ಆಗುವುದಿಲ್ಲ. ಪುಟ್ಟಿಗೆ ಬೈಯಬೇಡಿ, ಅವಳದ್ದೇನೂ ತಪ್ಪಿಲ್ಲ. ಗಂಡು ಸಿಕ್ಕೇ ಸಿಗುತ್ತಾನೆ. ಜಾತಕವನ್ನು ದೊಡ್ಡಮ್ಮನ ಕೈಗೆ ಕೊಡಿ, ತೀರ್ಥಹಳ್ಳಿ ಕಡೆ ಅವರಿಗೆ ಗೊತ್ತಿಲ್ಲದ ಮನೆ ಇಲ್ಲ. ನಾನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ಸ್ವೆಟರ್ ಹಾಕುತ್ತಿದ್ದೇನೆ, ದುಡ್ಡಿಗೂ ತೊಂದರೆ ಇಲ್ಲ.

ಅಡಿಕೆ ಕೊನೆ ಕೊಯ್ಲು ಎಲ್ಲಿಗೆ ಬಂತು, ಬರೆಯಿರಿ. ಬಸ್ಸಿಗೆ ಹೊತ್ತಾಯಿತು. ಗುಂಪಿಂದ ಜಾತಕ, ಫೋಟೋ ಇವತ್ತೇ ತೆಗೆಸಿ.

ನಿಮ್ಮ ಮಗ