ಅರ್ಧ ಕಂದಾಯದ ಮನೆಯಿಂದ ಒಂದು ಪತ್ರ

ವಿರಾಜಪೇಟೆ ತಾಲ್ಲೂಕು, ಕೊಡಗು

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮವಾಗಿದ್ದೇವೆ. ರೊಬಸ್ಟಾ ಕೊಯ್ಲು ಅರ್ಧ ಮುಗಿದಿದೆ, ಕಣದ ತುಂಬ ಹಣ್ಣು ಹರಡಿದೆ, ನಿನ್ನ ದೊಡ್ಡಮ್ಮ ಸಂಜೆಯಾದರೆ ಮೋಡ ನೋಡುತ್ತಾ ಕೂರುತ್ತಾಳೆ. ಕಳೆದ ವಾರ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನೀನು ಹಾಕಿದ ಉದ್ದದ ಬರಹವನ್ನು ಎರಡು ಸಲ ಓದಿದೆ. ಅಮೆರಿಕದಲ್ಲಿ ನೀನಿರುವ ನ್ಯೂಜೆರ್ಸಿಯವರು ದುಡಿದು ತೆರಿಗೆ ಕಟ್ಟುತ್ತಾರೆ, ಮಿಸಿಸಿಪ್ಪಿ, ಕೆಂಟಕಿಯವರು ಕೂತು ಉಣ್ಣುತ್ತಾರೆ, ಉಂಡ ಮೇಲೆ ಸರ್ಕಾರವೇ ಬೇಡ ಎನ್ನುವ ರಿಪಬ್ಲಿಕನ್ ಪಕ್ಷಕ್ಕೆ ಓಟು ಹಾಕುತ್ತಾರೆ ಎಂದು ಬರೆದಿದ್ದೆ. ಕೊನೆಯಲ್ಲಿ, ಇಲ್ಲಿ ಮಿಸಿಸಿಪ್ಪಿ ಹೇಗೋ ಅಲ್ಲಿ ಬಿಹಾರ ಹಾಗೆ ಎಂದು ಒಂದು ಸಾಲನ್ನೂ ಸೇರಿಸಿದ್ದೆ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯೆ. ಆದ್ದರಿಂದ ಬರೆಯುತ್ತಿದ್ದೇನೆ.

ನಿನ್ನ ಅಂಕಿಗಳ ಬಗ್ಗೆ ನನಗೆ ತಕರಾರಿಲ್ಲ. ಯಾವ ರಾಜ್ಯ ವಾಷಿಂಗ್ಟನ್ನಿಗೆ ಎಷ್ಟು ಕಳಿಸಿತು, ಎಷ್ಟು ಪಡೆಯಿತು ಎಂಬ ಲೆಕ್ಕವನ್ನು ನ್ಯೂಯಾರ್ಕಿನ ಸೆನೆಟರ್ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ 1970ರ ದಶಕದಿಂದಲೇ ಜನರ ಮುಂದೆ ಇಡುತ್ತಿದ್ದರು; ನ್ಯೂಜೆರ್ಸಿ, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್ ಕೊಡುವ ಸಾಲಿನಲ್ಲಿ ಬಹಳ ಕಾಲದಿಂದ ಇವೆ. ನನ್ನ ತಕರಾರು ಇರುವುದು ಆ ಲೆಕ್ಕದಿಂದ ನೀನು ಜನರ ಗುಣಕ್ಕೆ ಜಿಗಿದದ್ದರಲ್ಲಿ. ಆದಾಯ ತೆರಿಗೆಯನ್ನು ಅಲ್ಲಿ ರಾಜ್ಯ ಕಟ್ಟುವುದಿಲ್ಲ, ಮನುಷ್ಯ ಕಟ್ಟುತ್ತಾನೆ, ಸಂಬಳ ಹೆಚ್ಚಿದ್ದವನು ಹೆಚ್ಚಿನ ದರದಲ್ಲಿ ಕಟ್ಟುತ್ತಾನೆ. ಹೆಚ್ಚು ಸಂಬಳದ ಕೆಲಸಗಳೆಲ್ಲ ನಿನ್ನ ಕಡೆಗೇ ಗುಡ್ಡೆ ಬಿದ್ದಿರುವುದರಿಂದ ನಿನ್ನ ರಾಜ್ಯ ದಾನಶೂರನಂತೆ ಕಾಣುತ್ತದೆ. ಬಡವರ ವೈದ್ಯಕೀಯ ನೆರವಾದ ಮೆಡಿಕೇಡ್‌ನಲ್ಲಿ ಕೇಂದ್ರದ ಪಾಲು ನಿಮ್ಮಲ್ಲಿ ಸಾಮಾನ್ಯವಾಗಿ ನೂರಕ್ಕೆ 50, ಮಿಸಿಸಿಪ್ಪಿಯಲ್ಲಿ 75ಕ್ಕೂ ಮೇಲೆ. ಅದನ್ನು ತೀರ್ಮಾನಿಸುವುದು ರಾಜ್ಯದ ತಲಾ ಆದಾಯ, ಅಲ್ಲಿನವರ ಓಟಲ್ಲ. ಇನ್ನು ನ್ಯೂಜೆರ್ಸಿಯಲ್ಲಿ ನಲವತ್ತು ವರ್ಷ ದುಡಿದವನು ನಿವೃತ್ತನಾಗಿ ಫ್ಲೋರಿಡಾಕ್ಕೆ ಹೋದರೆ, ಅವನ ಪಿಂಚಣಿ ಫ್ಲೋರಿಡಾದ ಖಾತೆಯಲ್ಲಿ ‘ಪಡೆದದ್ದು’ ಎಂದು ಬರೆಯಲ್ಪಡುತ್ತದೆ. ಪಡೆದವನು ನಿನ್ನ ಹಳೆಯ ಪಕ್ಕದ ಮನೆಯವನೇ.

ಪಡೆಯುವವರ ಸಾಲಿನಲ್ಲಿ ನ್ಯೂ ಮೆಕ್ಸಿಕೊ ಕೂಡ ಇದೆ, ಅದು ನಿನ್ನ ಡೆಮಾಕ್ರಟಿಕ್ ಪಕ್ಷಕ್ಕೇ ಓಟು ಹಾಕುವ ರಾಜ್ಯ. ಅದರ ಹೆಸರನ್ನು ನೀನು ಬಿಟ್ಟಿದ್ದೆ. ಮಿಸಿಸಿಪ್ಪಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಕಪ್ಪು ವರ್ಣೀಯರು. ಅವರಲ್ಲಿ ಬಹುತೇಕರು ಸರ್ಕಾರ ಬೇಕು ಎನ್ನುವ ಪಕ್ಷದ ಕಡೆಯವರು, ಬಡತನದ ಭಾರ ಹೆಚ್ಚಾಗಿ ಹೊತ್ತವರೂ ಅವರೇ. ಹಾಗಿರುವಾಗ ನೆರವು ಪಡೆದು ಅದನ್ನೇ ಜರೆದವನು ಯಾರು ಎಂದು ರಾಜ್ಯದ ಹೆಸರು ನೋಡಿ ಹೇಳಲಾಗದು.

ನಮ್ಮ ಮನೆಯ ಮಾತಿಗೆ ಬರುತ್ತೇನೆ, ಏಕೆಂದರೆ ನೀನು ಹುಟ್ಟಿದ ಮನೆ ಕೊಡುವವರ ಮನೆ ಎಂದು ನಿನಗೆ ಯಾರೋ ತಪ್ಪು ಹೇಳಿಕೊಟ್ಟಂತಿದೆ. ನಮ್ಮ ಗದ್ದೆ ಜಮ್ಮಾ ಭೂಮಿ. ರಾಜರ ಕಾಲದಲ್ಲಿ ಯುದ್ಧಕ್ಕೆ ಕರೆದಾಗ ಹೋಗಬೇಕೆಂಬ ಕರಾರಿನ ಮೇಲೆ ಬಂದದ್ದು. ಆ ಕಾರಣಕ್ಕೆ ಅದರ ಕಂದಾಯ ಸಾಗು ಭೂಮಿಯ, ಅಂದರೆ ಅಂಥ ಕರಾರಿಲ್ಲದ ಸಾಧಾರಣ ಭೂಮಿಯ, ಕಂದಾಯದ ಅರ್ಧ. 1834ರಲ್ಲಿ ಬ್ರಿಟಿಷರು ಬಂದರು, ಕಾಲಕ್ರಮೇಣ ಯುದ್ಧದ ಕರೆ ನಿಂತಿತು, ಅರ್ಧ ಕಂದಾಯ ಮಾತ್ರ ಮುಂದುವರಿಯಿತು. ಅಜ್ಜನ ಮರದ ಪೆಟ್ಟಿಗೆಯಲ್ಲಿ ಗೆದ್ದಲು ತಿಂದ ಅಂಚಿನ ಹಳೆಯ ರಸೀದಿಗಳು ಇನ್ನೂ ಇವೆ. ತೋಡಿನ ಆಚೆಗೆ, ಅದೇ ನೀರು ಹರಿಯುವ, ಅಷ್ಟೇ ಭತ್ತ ಬೆಳೆಯುವ ಸಾಗು ಗದ್ದೆಯವರು ನಮ್ಮ ಎರಡರಷ್ಟು ಕಟ್ಟಿದರು. ಅದನ್ನು ನಾವು ಗೌರವ ಎಂದೆವು. ಸಬ್ಸಿಡಿ ಎಂದು ಈ ಮನೆಯಲ್ಲಿ ಯಾರೂ ಅಂದದ್ದು ನನಗೆ ನೆನಪಿಲ್ಲ.

ಕಾಫಿಯದ್ದು ಇನ್ನೂ ಹತ್ತಿರದ ಕಥೆ. ಕಾಫಿ ಮಂಡಳಿಯೇ ಎಲ್ಲರ ಬೆಳೆಯನ್ನು ಒಟ್ಟುಗೂಡಿಸಿ ಮಾರುವ ‘ಪೂಲ್’ ಇದ್ದ ಕಾಲದಲ್ಲಿ ಬೆಳೆದದ್ದನ್ನೆಲ್ಲ ಅದಕ್ಕೇ ಹಾಕಬೇಕಿತ್ತು. ಎಲ್ಲರ ಕಾಫಿಯೂ ಒಂದೇ ರಾಶಿ, ದರ್ಜೆಗೆ ಇಷ್ಟು ಪಾಯಿಂಟ್ ಎಂದು ಲೆಕ್ಕ, ಹಣ ಮಾತ್ರ ಕಂತು ಕಂತಾಗಿ. ಈ ವರ್ಷದ ಬೆಳೆಯ ಕೊನೆಯ ಕಂತು ಯಾವಾಗ ಬಂದೀತೆಂದು ಅಂಚೆಯವನ ದಾರಿ ಕಾಯುತ್ತಿದ್ದೆವು. ಆಗ ನಾನು ಸಭೆಗಳಲ್ಲಿ ನಿಂತು, ಸರ್ಕಾರ ನಮ್ಮ ಬೆನ್ನಿನಿಂದ ಇಳಿದರೆ ಸಾಕು, ಮಾರುಕಟ್ಟೆಯನ್ನು ನಾವೇ ನೋಡಿಕೊಳ್ಳುತ್ತೇವೆ ಎಂದು ಗಂಟಲು ಹರಿಯುವಂತೆ ಕೂಗಿದವನು. 1996ರ ಹೊತ್ತಿಗೆ ಪೂಲ್ ಪೂರ್ತಿ ಹೋಯಿತು, ಮೊದಲ ಕೆಲವು ವರ್ಷ ಒಳ್ಳೆಯ ಬೆಲೆ ಬಂತು, ನಿಮ್ಮಪ್ಪ ಜೀಪು ಕೊಂಡ. 2001ರ ಸುಮಾರಿಗೆ ಜಗತ್ತಿನಾದ್ಯಂತ ಬೆಲೆ ಕುಸಿದಾಗ ಅದೇ ನಾನು ಸಾಲದ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಬ್ಯಾಂಕಿನ ಬೆಂಚಿನ ಮೇಲೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೂತೆ. ಮರುಪಾವತಿಯ ಅವಧಿ ಹೆಚ್ಚಿಸಿ, ಬಡ್ಡಿ ಬಿಡಿ ಎಂದು ಮನವಿಗೆ ಸಹಿ ಹಾಕಿದೆ. 2010ರಲ್ಲಿ ಕೇಂದ್ರ ಸರ್ಕಾರ ಕಾಫಿ ಬೆಳೆಗಾರರಿಗೆ ಸಾಲ ಪರಿಹಾರದ ಪ್ಯಾಕೇಜ್ ಕೊಟ್ಟಾಗ, ಇದರಲ್ಲಿ ಮುಂಬೈಯವರ ತೆರಿಗೆ ಎಷ್ಟು, ಪಟ್ನಾದವರದ್ದೆಷ್ಟು ಎಂದು ನಾನು ಕೇಳಲಿಲ್ಲ. ನನ್ನ ರಾಜಕೀಯ ಅಭಿಪ್ರಾಯವನ್ನೂ ಆ ಕಾರಣಕ್ಕೆ ಬದಲಿಸಲಿಲ್ಲ, ಇವತ್ತಿಗೂ ಪೂಲ್ ಬೇಡವೆಂದೇ ಹೇಳುತ್ತೇನೆ. ನೀನು ಕೆಂಟಕಿಯ ರೈತನನ್ನು ಬೈದಾಗ ನನಗೆ ಅವನ ಮುಖ ಪರಿಚಯದ್ದೆನಿಸಿತು.

ಆದರೆ ಕರ್ನಾಟಕಕ್ಕೆ ಅನ್ಯಾಯವೇ ಆಗಿಲ್ಲ ಎಂದು ನಾನು ಹೇಳುತ್ತಿಲ್ಲ. ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂದು ಹೇಳುವುದು ಹಣಕಾಸು ಆಯೋಗ. 14ನೇ ಆಯೋಗ ರಾಜ್ಯಗಳಿಗೆಂದು ಹಂಚುವ ಮೊತ್ತದಲ್ಲಿ ನಮಗಿಟ್ಟ ಪಾಲು ನೂರಕ್ಕೆ 4.713, 15ನೇ ಆಯೋಗ ಅದನ್ನು 3.647ಕ್ಕೆ ಇಳಿಸಿತು, ಅಂದರೆ ಇದ್ದುದರಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. 1971ರ ಜನಸಂಖ್ಯೆಯನ್ನು ಕೈಬಿಟ್ಟು 2011ರದ್ದನ್ನು ಮಾತ್ರ ಹಿಡಿದದ್ದು ಒಂದು ಕಾರಣ. ಬಡ ರಾಜ್ಯಕ್ಕೆ ಹೆಚ್ಚು ಸಿಗುವಂತೆ ತಲಾ ಆದಾಯದ ಅಂತರಕ್ಕೆ ನೂರಕ್ಕೆ 45 ಅಂಕ ಇಟ್ಟಾಗ ಬೆಂಗಳೂರಿನ ಸಂಬಳದ ನೆರಳು ಇಡೀ ರಾಜ್ಯದ ಮೇಲೆ ಬಿದ್ದದ್ದು ಮತ್ತೊಂದು. ಆ ನಷ್ಟಕ್ಕೆ ಪ್ರತಿಯಾಗಿ 2020-21ಕ್ಕೆ ಆಯೋಗವೇ ಸೂಚಿಸಿದ್ದ 5,495 ಕೋಟಿ ರೂಪಾಯಿಯ ವಿಶೇಷ ಅನುದಾನವೂ ನಮ್ಮ ಕೈಗೆ ಬರಲಿಲ್ಲ. 2024ರ ಫೆಬ್ರುವರಿಯಲ್ಲಿ ನಮ್ಮ ಮುಖ್ಯಮಂತ್ರಿ ಸಚಿವರನ್ನೆಲ್ಲ ಕರೆದುಕೊಂಡು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತದ್ದಕ್ಕೆ ಆಧಾರವಿತ್ತು.

ಆ ಧರಣಿಯಲ್ಲಿ ಹೇಳಬೇಕಾಗಿದ್ದ ಮಾತು ಇನ್ನೊಂದಿದೆ, ಅದು ಘೋಷಣೆಗೆ ಒಗ್ಗುವುದಿಲ್ಲವಾದ್ದರಿಂದ ಯಾರ ಕಿವಿಗೂ ಬೀಳುವುದಿಲ್ಲ. ಕೇಂದ್ರವು ಮೂಲ ತೆರಿಗೆಯ ಜೊತೆಗೆ ಹೆಚ್ಚುವರಿಯಾಗಿ ವಿಧಿಸುವ ಸೆಸ್ಸು, ಸರ್‌ಚಾರ್ಜುಗಳನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾಗಿಲ್ಲ. 2022ರ ಮೇ ತಿಂಗಳಲ್ಲಿ ಸುಂಕ ಇಳಿಸಿದ ಮೇಲೆ ನನ್ನ ಹಳೆಯ ಸ್ಕೂಟರಿಗೆ ಹಾಕಿಸಿದ ಒಂದು ಲೀಟರ್ ಪೆಟ್ರೋಲಿನಲ್ಲಿ ಕೇಂದ್ರದ ಸುಂಕ 19 ರೂಪಾಯಿ 90 ಪೈಸೆ ಇತ್ತು. ಹಂಚಿಕೆಗೆ ಬರುವ ಮೂಲ ಸುಂಕ ಅದರಲ್ಲಿ 1 ರೂಪಾಯಿ 40 ಪೈಸೆ ಮಾತ್ರ. ಅದರ ನೂರಕ್ಕೆ 41 ಎಲ್ಲ ರಾಜ್ಯಗಳಿಗೂ ಸೇರಿ, ಸುಮಾರು 57 ಪೈಸೆ. ಆ 57 ಪೈಸೆಯಲ್ಲಿ ಕರ್ನಾಟಕದ ಪಾಲು ಎರಡು ಪೈಸೆ. ಪಾತ್ರೆಯ ಅನ್ನ ಬಡಿಸುವಾಗ ಬಿಹಾರಕ್ಕೆ ಒಂದು ಸೌಟು ಹೆಚ್ಚಾಯಿತೆಂದು ನಾವು ಜಗಳವಾಡುತ್ತಿದ್ದೇವೆ, ಪಾತ್ರೆಗೆ ಅಕ್ಕಿ ಬೀಳುವ ಮೊದಲೇ ಉಗ್ರಾಣದಲ್ಲಿ ಅಳತೆಯ ಸೇರು ಬದಲಾಗಿದೆ, ಅದರಿಂದ ಬಿಹಾರವೂ ನಮ್ಮಂತೆಯೇ ಕಳೆದುಕೊಂಡಿದೆ. ಇದು ಒಂದೇ ಪಕ್ಷದ ಕೆಲಸವೂ ಅಲ್ಲ: ಶಿಕ್ಷಣ ಸೆಸ್ 2004ರಲ್ಲಿ ಬಂದಾಗ ದೆಹಲಿಯಲ್ಲಿದ್ದವರು ಬೇರೆ, ಪೆಟ್ರೋಲಿನ ಸೆಸ್ಸು ಬೆಳೆದಾಗ ಇದ್ದವರು ಬೇರೆ.

ಕಾಫಿ ಹಣ್ಣು ಕೊಯ್ಯುವ ಬಿಹಾರದವರು ಈಗ ನಮ್ಮ ಲೈನ್‌ಮನೆಯಲ್ಲೇ, ಅಂದರೆ ತೋಟದ ಕೆಲಸದವರ ಸಾಲುಮನೆಯಲ್ಲೇ, ಇದ್ದಾರೆ, ಜೊತೆಗೆ ಅಸ್ಸಾಮಿನವರೂ ಇದ್ದಾರೆ. ಹದಿನೆಂಟು ವರ್ಷ ಅವರನ್ನು ಸಾಕಿ, ಚುಚ್ಚುಮದ್ದು ಹಾಕಿಸಿ, ಅಷ್ಟಿಷ್ಟು ಓದು ಕಲಿಸಿದ ಖರ್ಚು ಬಿಹಾರದ್ದು. ದುಡಿಯುವ ತೋಳು ನಮಗೆ. ಅವರು ಸಂತೆಯಲ್ಲಿ ಕೊಂಡ ಸೋಪಿನ ಜಿಎಸ್‌ಟಿಯಲ್ಲಿ ರಾಜ್ಯದ ಪಾಲೂ ನಮಗೇ, ಏಕೆಂದರೆ ಆ ತೆರಿಗೆ ಸರಕು ಬಳಕೆಯಾದ ಜಾಗಕ್ಕೆ ಸೇರುತ್ತದೆ. ಇನ್ನೊಂದು ಹಳೆಯ ಸಂಗತಿ ನಿನ್ನ ವಯಸ್ಸಿನವರಿಗೆ ಗೊತ್ತಿರಲಾರದು: 1950ರ ದಶಕದಿಂದ 1990ರ ದಶಕದ ಆರಂಭದವರೆಗೂ ಉಕ್ಕನ್ನು ದೇಶದ ಯಾವ ಮೂಲೆಗೆ ಸಾಗಿಸಿದರೂ ಒಂದೇ ಬೆಲೆಯಾಗುವಂತೆ ಕೇಂದ್ರವು ಸಾಗಣೆಯ ವೆಚ್ಚವನ್ನು ಸರಿದೂಗಿಸುತ್ತಿತ್ತು. ಗಣಿಯ ಪಕ್ಕದಲ್ಲಿ ಕಾರ್ಖಾನೆ ಇಡಬೇಕಾದ ಅಗತ್ಯವೇ ತಪ್ಪಿತು, ಅಂದಿನ ಬಿಹಾರಕ್ಕೆ ಬರಬೇಕಾದ ಉದ್ಯಮಗಳು ಪಶ್ಚಿಮಕ್ಕೂ ದಕ್ಷಿಣಕ್ಕೂ ಹೋದವು. ಆ ಬಾಬತ್ತನ್ನು ಯಾವ ಹಣಕಾಸು ಆಯೋಗವೂ ಜಮೆ-ಖರ್ಚಿನಲ್ಲಿ ತೋರಿಸುವುದಿಲ್ಲ.

‘ನಮ್ಮ ತೆರಿಗೆ ನಮಗೇ’ ಎಂಬ ಮಾತನ್ನು ಬೆಂಗಳೂರಿನವರು ಹಿಡಿದರೆ ಕೊಡಗಿಗೆ ಏನು ಉಳಿಯುತ್ತದೆ ಎಂದೂ ಯೋಚಿಸು. 1956ರ ನವೆಂಬರ್ 1ರವರೆಗೆ ನಾವೇ ಒಂದು ರಾಜ್ಯವಾಗಿದ್ದೆವು, ಸೇರಿದ ಮೇಲೆ ನಮ್ಮ ಹಣ ಮೈಸೂರಿಗೆ ಹರಿಯಿತು ಎಂದು ಗೊಣಗುವವರು ನಮ್ಮ ಮಂದಿಯಲ್ಲೇ ಇದ್ದಾರೆ, ಕಾವೇರಿಯ ನೀರಿಗೆ ಬಾಡಿಗೆ ಕೇಳಬೇಕೆನ್ನುವವರೂ ಇದ್ದಾರೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಬಂದಾಗ ಅವರು ಆ ಮಾತು ಆಡಲಿಲ್ಲ; ಅಕ್ಕಿಯ ಲಾರಿಗಳನ್ನು ಇಳಿಸಿಕೊಳ್ಳುವುದೇ ಎಲ್ಲರಿಗೂ ಕೆಲಸವಾಗಿತ್ತು.

ಇಷ್ಟು ಹೇಳಿ, ನೀನು ಮುಂದೆ ಬರೆಯುವಾಗ ಒಂದು ಕೆಲಸ ಮಾಡಬೇಕೆಂದು ಕೇಳುತ್ತೇನೆ. ಹಂಚಿಕೆಯ ಅಳತೆಯನ್ನು ಪ್ರಶ್ನಿಸು, ಸೆಸ್ಸಿನ ಬಗ್ಗೆ ಬರೆ, ಯಾವ ಪಕ್ಷದವನಾದರೂ ಬಿಡಬೇಡ. ಪಡೆದವನ ಜಾತಿ, ಊರು, ಓಟಿನ ಬಗ್ಗೆ ಬರೆಯುವ ಮುನ್ನ ನಿನ್ನ ಮನೆಯವರು ಯಾವ ಯಾವ ಸಾಲಿನಲ್ಲಿ ನಿಂತಿದ್ದರು ಎಂದು ನನ್ನನ್ನೊಮ್ಮೆ ಕೇಳು. ಬಿಹಾರದ ಆ ಸಾಲನ್ನು ಗುಂಪಿನಿಂದ ತೆಗೆದುಬಿಡು. ಲೈನ್‌ಮನೆಯ ಹುಡುಗನೊಬ್ಬ ನಮ್ಮ ಮೊಮ್ಮಗನ ಫೋನಿನಲ್ಲಿ ಚಿತ್ರ ನೋಡಲು ಬರುತ್ತಾನೆ, ಕನ್ನಡ ಓದಲು ಕಲಿಯುತ್ತಿದ್ದಾನೆ.

ಹೂಮಳೆ ಬೀಳುವ ಹೊತ್ತಿಗೆ ರಜೆ ಸಿಕ್ಕರೆ ಬಾ. ಅಜ್ಜನ ರಸೀದಿಗಳನ್ನು ಬಿಸಿಲಿಗೆ ಹಾಕಿಟ್ಟಿರುತ್ತೇನೆ, ಅಕ್ಷರ ಸಣ್ಣದಾದ್ದರಿಂದ ನನ್ನ ಕಣ್ಣಿಗೆ ಕಾಣುವುದಿಲ್ಲ, ನೀನೇ ಓದಿ ಹೇಳಬೇಕು.

ಇಂತಿ,
ನಿನ್ನ ದೊಡ್ಡಪ್ಪ