ಬೆಳಕಿಂಡಿಗೆ ಗಾಜು: ಕೇಳಬೇಕಾದ ಅಂಕಿ ಬೇರೆ

ಮಾನ್ಯರೇ,

ದಾವಣಗೆರೆಯ ಹಳೆಯ ಬಡಾವಣೆಗಳಲ್ಲಿ ಎರಡೂ ಪಕ್ಕ ಗೋಡೆ ಅಂಟಿಕೊಂಡ ಮನೆಗಳು ಬಹಳ. ಹಿತ್ತಲ ಕಡೆ ಒಂದು ಕೋಣೆ ಹೆಚ್ಚಿಸಿದರೆ ನಡುಮನೆ ಕತ್ತಲಾಗುತ್ತದೆ, ಹಾಗಾಗಿ ತಾರಸಿಯ ಮೋಲ್ಡ್‌ನಲ್ಲೇ ಕಿಂಡಿ ಬಿಟ್ಟು ಗಾಜು ಹಾಕಿಸುತ್ತಾರೆ. ತಪ್ಪೇನಿಲ್ಲ. ಆದರೆ ‘ಡಬಲ್ ಗ್ಲಾಸ್ ಹಾಕ್ಸಿ ಸಾರ್, ಬಿಸಿ ಒಳಗೆ ಇಳಿಯಲ್ಲ’ ಎಂಬ ಮಾತು ನಂಬಿ ಮುಂಗಡ ಕೊಡುವ ಮೊದಲು ಒಂದು ಲೆಕ್ಕ ನೋಡಬೇಕು.

2 ಅಡಿ × 3 ಅಡಿ ಕಿಂಡಿಯ ಮೇಲೆ ಏಪ್ರಿಲ್ ಮಧ್ಯಾಹ್ನ ಬೀಳುವ ಬಿಸಿಲಿನ ಶಕ್ತಿ ಸುಮಾರು 500 ವಾಟ್. ಒಂಟಿ ಸಾದಾ ಗಾಜು ಅದರಲ್ಲಿ 410 ವಾಟ್‌ನಷ್ಟನ್ನು ಒಳಗೆ ಬಿಡುತ್ತದೆ. ಸಾದಾ ಗಾಜನ್ನೇ ಎರಡು ಪದರ ಮಾಡಿ ನಡುವೆ ಗಾಳಿ ಬಿಟ್ಟರೂ 350 ವಾಟ್ ಇಳಿದೇ ಇಳಿಯುತ್ತದೆ. ನಡುವಿನ ಗಾಳಿ ತಡೆಯುವುದು ಹೊರಗಿನ ಹವೆಯ ಬಿಸಿಯನ್ನೇ ಹೊರತು ನೇರ ಬಿಸಿಲನ್ನಲ್ಲ. ಹೊರಗೆ 38 ಡಿಗ್ರಿ, ಒಳಗೆ 32 ಇದ್ದಾಗ ಈ ಅಳತೆಯ ಕಿಂಡಿಯಲ್ಲಿ ಆ ಗಾಳಿಯ ಪದರದಿಂದ ಕಡಿಮೆಯಾಗುವುದು ಬರೀ 10 ವಾಟ್. ಹಿಮ ಬೀಳುವ ದೇಶಗಳಲ್ಲಿ ಒಳಗಿನ ಬಿಸಿ ಸೋರದಿರಲಿ ಎಂದು ಯು-ವ್ಯಾಲ್ಯೂ, ಅಂದರೆ ಒಳಹೊರಗಿನ ಉಷ್ಣತೆಯ ವ್ಯತ್ಯಾಸದಿಂದ ಗಾಜಿನ ಮೂಲಕ ಎಷ್ಟು ಬಿಸಿ ದಾಟುತ್ತದೆ ಎಂಬ ಅಂಕಿ ನೋಡುತ್ತಾರೆ. ನಾವು ಮೊದಲು ಕೇಳಬೇಕಾದದ್ದು ಎಸ್‌ಎಚ್‌ಜಿಸಿ, ಅಂದರೆ ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ಒಳಗೆ ಇಳಿಯುತ್ತದೆ ಎಂಬ ಅಂಕಿ. ಸಾದಾ ಗಾಜಿಗೆ ಅದು 0.82ರ ಆಸುಪಾಸು, ಬಿಸಿಲಿನ ಶಾಖ ತಡೆಯುವ ತೆಳು ಲೇಪವಿರುವ ಒಳ್ಳೆಯ ಸೋಲಾರ್ ಕಂಟ್ರೋಲ್ ಲೋ-ಇ ಡಬಲ್ ಗಾಜಿಗೆ 0.28. ಆಗ ಅದೇ ಕಿಂಡಿಯಿಂದ ಇಳಿಯುವುದು 140 ವಾಟ್. ವಾಣಿಜ್ಯ ಕಟ್ಟಡಗಳ ಇಂಧನ ಸಂರಕ್ಷಣಾ ಸಂಹಿತೆ (2017) ಸ್ಕೈಲೈಟ್‌ಗೆ (ಬೆಳಕಿಂಡಿಗೆ) ಎಸ್‌ಎಚ್‌ಜಿಸಿ 0.35 ಮೀರಬಾರದು ಎನ್ನುತ್ತದೆ. ಮನೆಗಳಿಗೆ ಅದು ಅನ್ವಯಿಸದಿದ್ದರೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಜೊತೆಗೆ ವಿಎಲ್‌ಟಿ, ಅಂದರೆ ಬೆಳಕಿನ ಪಾಲು, 40ರಿಂದ 50 ಪರ್ಸೆಂಟ್ ಇದ್ದರೆ ಸಾಕು. ನೆತ್ತಿಯ ಬೆಳಕು ಗೋಡೆಯ ಕಿಟಕಿಯ ಬೆಳಕಿಗಿಂತ ಎಷ್ಟೋ ಪ್ರಖರ. ಕಿಂಡಿಯೂ ಕೋಣೆಯ ನೆಲದ 5 ಪರ್ಸೆಂಟ್ ದಾಟುವುದು ಬೇಡ. 10 × 12 ಅಡಿ ಕೋಣೆಗೆ 6 ಚದರಡಿ ಧಾರಾಳವಾಯಿತು.

‘ಉತ್ತರಕ್ಕೆ ಇಳಿಜಾರು ಮಾಡಿದರೆ ಬಿಸಿಲು ಬೀಳಲ್ಲ’ ಎನ್ನುವ ಮೇಸ್ತ್ರಿಗಳೂ ಇದ್ದಾರೆ. ನಮ್ಮೂರು 14.5 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಗೆ ಬಂದು, ಆಗಸ್ಟ್ ಮಧ್ಯದವರೆಗೆ ನಡುಹಗಲಲ್ಲಿ ಉತ್ತರಕ್ಕೇ ವಾಲಿರುತ್ತಾನೆ. ಮೇ ತಿಂಗಳ ಬಿಸಿಲು ಆ ಇಳಿಜಾರಿಗೇ ನೇರ ಬಡಿಯುತ್ತದೆ. ಉತ್ತರದ ಬೆಳಕೇ ಬೇಕೆಂದರೆ ತಾರಸಿಯ ಒಂದು ಭಾಗವನ್ನು 2 ಅಡಿ ಎತ್ತರಿಸಿ, ನೆಟ್ಟಗೆ ಕಿಟಕಿ ಇಟ್ಟು, ಮೇಲೆ ಒಂದೂವರೆ ಅಡಿ ಸಜ್ಜಾ ಕೊಡಿ. ಗಾಜಿಗೆ ಸುರಿಯುವ ದುಡ್ಡು ಉಳಿಯುತ್ತದೆ. ನಮ್ಮನ್ನು ಕೇಳಿದರೆ ಇದೇ ಮೊದಲ ಆಯ್ಕೆ.

ತಲೆಯ ಮೇಲಿನ ಗಾಜು ಬರೀ ಟಫನ್ಡ್ (ಕಾಯಿಸಿ, ತಟ್ಟನೆ ತಣಿಸಿ ಗಟ್ಟಿ ಮಾಡಿದ್ದು) ಆಗಿರಕೂಡದು. ಒಡೆದರೆ ಅಷ್ಟೂ ಚೂರು ಕೆಳಗೆ ಸುರಿಯುತ್ತದೆ. ಒಳಗೆ ಸೇರಿದ ನಿಕಲ್ ಸಲ್ಫೈಡ್ ಕಣದಿಂದ ಯಾರೂ ಮುಟ್ಟದೆಯೂ ಅದು ಸಿಡಿಯುವುದುಂಟು. ಚಿತ್ರದುರ್ಗದ ಕೋಟೆ ಬದಿಯ ಮನೆಗಳಲ್ಲಂತೂ ಕೋತಿಗಳು ತಾರಸಿಯಿಂದ ತಾರಸಿಗೆ ಹಾರುತ್ತವೆ. ಹೊರಗೆ 6 ಮಿ.ಮೀ. ಟಫನ್ಡ್, 12 ಮಿ.ಮೀ. ಅಂತರ, ಒಳಗೆ 4+4 ಮಿ.ಮೀ. ಲ್ಯಾಮಿನೇಟೆಡ್ (ನಡುವೆ, ಒಡೆದ ಚೂರುಗಳನ್ನು ಹಿಡಿದಿಡುವ 1.52 ಮಿ.ಮೀ. ಪಿವಿಬಿ ಪ್ಲಾಸ್ಟಿಕ್ ಹಾಳೆ) ಎಂದು ಬರೆಸಿ. 6 ಚದರಡಿಗೆ ಸುಮಾರು 20 ಕೆ.ಜಿ. ತೂಗುತ್ತದೆ. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲಾಗದು, ಆದ್ದರಿಂದ ಕಿಂಡಿಯ ಸುತ್ತಲಿನ ಕಟ್ಟೆಯ ಗಿಲಾವು ಮುಗಿದ ಮೇಲೇ ಅಳತೆ ಕೊಡಬೇಕು. ಲೋ-ಇ ಲೇಪ ಇರಬೇಕಾದದ್ದು ಹೊರಗಾಜಿನ ಒಳಮೈಗೆ. ತಿರುಗುಮುರುಗಾಗಿ ಕೂರಿಸಿದರೆ ಕೊಟ್ಟ ದುಡ್ಡಿನ ಬಹುಪಾಲು ವ್ಯರ್ಥ. ಹೊರಗಿನಿಂದ ಓರೆಯಾಗಿ ಲೈಟರ್ ಹಿಡಿದರೆ ಜ್ವಾಲೆಯ ನಾಲ್ಕು ಪ್ರತಿಬಿಂಬ ಕಾಣುತ್ತವೆ. ಹೊರಗಿನಿಂದ ಎರಡನೆಯದರ ಬಣ್ಣ ಬೇರೆ ಇದ್ದರೆ ಸರಿಯಾಗಿದೆ ಎಂದರ್ಥ.

ಸೋರುವುದು ಗಾಜಿನಿಂದಲ್ಲ, ಕಟ್ಟೆಯಿಂದ. ತಾರಸಿ ಮಟ್ಟಕ್ಕಿಂತ 6 ಇಂಚು ಎತ್ತರದ ಕಟ್ಟೆ ಇರಲಿ, ವಾಟರ್‌ಪ್ರೂಫಿಂಗ್ ಅದರ ನೆತ್ತಿಯವರೆಗೂ ಏರಲಿ. ಗಾಜಿಗೆ ಕನಿಷ್ಠ 5 ಡಿಗ್ರಿ, ಅಂದರೆ 3 ಅಡಿಗೆ ಸುಮಾರು 3 ಇಂಚು ಇಳುಕಲು ಬೇಕು. ಮಂಡಕ್ಕಿ ಭಟ್ಟಿಗಳ ಕಡೆಯ ಮನೆಗಳಿಗೆ ಇನ್ನೂ ಹೆಚ್ಚು ಕೊಡಿ, ಮಸಿ ಮಳೆಯಲ್ಲೇ ತೊಳೆದುಹೋಗುತ್ತದೆ. ಇಳುಕಲಿನ ಕೆಳ ಅಂಚಿನಲ್ಲಿ ನೀರು ಹೊರಹೋಗುವ ರಂಧ್ರ ಇಲ್ಲದಿದ್ದರೆ ಅಂಚಿನ ಸೀಲು ಸದಾ ನೆನೆದು ಬಿಡುತ್ತದೆ. ಆಮೇಲೆ ಎರಡು ಗಾಜಿನ ನಡುವೆ ಮಂಜು ಕಟ್ಟುತ್ತದೆ, ಅದಕ್ಕೆ ರಿಪೇರಿ ಇಲ್ಲ. ವಿನೆಗರ್ ವಾಸನೆಯ ಸಿಲಿಕೋನ್ ಬಳಸಬೇಡಿ, ಅದು ಸಿಮೆಂಟಿಗೂ ಹಿಡಿಯದು, ಪಿವಿಬಿಯ ಅಂಚನ್ನೂ ಕೆಡಿಸುತ್ತದೆ. ನ್ಯೂಟ್ರಲ್ ಸಿಲಿಕೋನ್ ಕೇಳಿ. ಫಾಲ್ಸ್ ಸೀಲಿಂಗ್‌ಗೆ ಮೊದಲು ಒಂದು ಗಂಟೆ ಪೈಪಿನಲ್ಲಿ ನೀರು ಬಿಟ್ಟು ನೋಡಿ.

ಈಗಾಗಲೇ ಸಾದಾ ಗಾಜು ಹಾಕಿಸಿದವರು ಒಳಗೆ ಕಪ್ಪು ಫಿಲ್ಮ್ ಅಂಟಿಸಬೇಡಿ. ಗಾಜಿನ ನಡುಭಾಗ ಬಿಸಿ ಹೀರಿ ಕಾದು, ನೆರಳಿನಲ್ಲಿರುವ ಅಂಚು ತಣ್ಣಗೇ ಉಳಿದು ಗಾಜು ಬಿರುಕು ಬಿಡಬಹುದು. ಗಾಜಿನಿಂದ ಒಂದು ಅಡಿ ಮೇಲೆ 75 ಪರ್ಸೆಂಟ್ ಶೇಡ್ ನೆಟ್ ಬಿಗಿದರೆ ಬಿಸಿಲಿನ ಬಹುಪಾಲು ಹೊರಗೇ ನಿಲ್ಲುತ್ತದೆ.

ಗಾಜು ವ್ಯಾಪಾರಿಗಳಲ್ಲಿ ಒಂದು ಕೋರಿಕೆ: ಬಿಲ್ಲಿನಲ್ಲಿ ‘ಡಬಲ್ ಗ್ಲಾಸ್, 6 ಚದರಡಿ’ ಎಂದಷ್ಟೇ ಬರೆಯದೆ ಎಸ್‌ಎಚ್‌ಜಿಸಿ, ವಿಎಲ್‌ಟಿ ಮತ್ತು ಪದರಗಳ ದಪ್ಪವನ್ನೂ ಬರೆದುಕೊಡಿ. ತಯಾರಕರ ಡೇಟಾ ಶೀಟಿನಲ್ಲಿ ಇವು ಇದ್ದೇ ಇರುತ್ತವೆ. ಗಿರಾಕಿಗಳೂ ಅದಿಲ್ಲದ ಬಿಲ್ಲಿಗೆ ಪೂರ್ತಿ ಹಣ ಕೊಡಬೇಡಿ.

– ಸಿವಿಲ್ ಎಂಜಿನಿಯರ್‌ಗಳ ಒಂದು ಬಳಗ, ದಾವಣಗೆರೆ